ಪುದೀನ ಜಾತಿ ಗುರುತಿಸಲು ಎಲೆ-ಹೂವು ನೋಡಬೇಕೇ, ಡಿಎನ್ಎ ನೋಡಬೇಕೇ?

ಗಿಡ ಕೈಯಲ್ಲಿದ್ದು ಖರ್ಚು ಬೇಡ ಅಂದರೆ ಮೊದಲು ಹೂವು ನೋಡಿ. ಸ್ಪಿಯರ್‌ಮಿಂಟ್ ಎಂಬ ಪುದೀನ ಜಾತಿಯಲ್ಲಿ ಹೂವು ತುದಿಯಲ್ಲಿ ಉದ್ದ ತೆನೆಯಾಗಿ ಬರುತ್ತದೆ. ನೀರು ಪುದೀನದಲ್ಲಿ ದುಂಡನೆಯ ಗುಚ್ಛ. ಮೆಂಥಾ ಅರ್ವೆನ್ಸಿಸ್ ಎಂಬ ಇನ್ನೊಂದು ಪುದೀನದಲ್ಲಿ ಎಲೆ ಬುಡದ ಸಂದುಗಳಲ್ಲಿ. ಭೂತಗನ್ನಡಿ ಒಂದಿದ್ದರೆ ಸಾಕು. ಆದರೆ ಹೂವಿಲ್ಲದ ಗಿಡದಲ್ಲಿ ಈ ದಾರಿ ಕಷ್ಟ. ಎಲೆಯ ಅಗಲ, ರೋಮ, ಬಣ್ಣ ಎಲ್ಲವೂ ಬಿಸಿಲು ನೀರಿಗೆ ತಕ್ಕಂತೆ ಬದಲಾಗುತ್ತವೆ. ಸುಮ್ನೆ ಎಲೆ ನೋಡಿ ಹೆಸರಿಡಬೇಡಿ.

ನಿಜವಾದ ತೊಡಕು ಮಿಶ್ರತಳಿಗಳದ್ದು. ಪುದೀನ ಜಾತಿಗಳು ಬಹಳ ಸುಲಭವಾಗಿ ಕೂಡುತ್ತವೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ ಪೆಪ್ಪರ್‌ಮಿಂಟ್ ಅನ್ನು ಪ್ರತ್ಯೇಕ ಜಾತಿ ಎಂದೇ ಬರೆದಿದ್ದ. ಅದು ನೀರು ಪುದೀನ ಮತ್ತು ಸ್ಪಿಯರ್‌ಮಿಂಟ್‌ಗಳ ಮಿಶ್ರಣ ಎಂಬುದು ಆಮೇಲೆ ತಿಳಿಯಿತು. ಇಲ್ಲಿ ಕ್ರೋಮೋಸೋಮ್ (ಜೀವಕೋಶದೊಳಗೆ ಡಿಎನ್ಎ ಹೊತ್ತ ದಾರದಂಥ ರಚನೆ) ಎಣಿಕೆ ಚೆನ್ನಾಗಿ ನೆರವಾಗುತ್ತದೆ: ಸಾಮಾನ್ಯವಾಗಿ ನೀರು ಪುದೀನಕ್ಕೆ 96, ಸ್ಪಿಯರ್‌ಮಿಂಟ್‌ಗೆ 48, ಪೆಪ್ಪರ್‌ಮಿಂಟ್‌ಗೆ 72. ಎರಡರ ಅರ್ಧರ್ಧ ಕೂಡಿದಂತೆ, ಎಷ್ಟು ಚೆಂದ ಅಲ್ವಾ! ಸೂಕ್ಷ್ಮದರ್ಶಕ ಮತ್ತು ಬೇರಿನ ಎಳೆ ತುದಿ ಬೇಕು. ಕೈ ಪಳಗಿರಬೇಕು.

ಡಿಎನ್ಎ ಪರೀಕ್ಷೆಗೆ ಹೂವು ಬೇಡ, ತುಂಡು ಎಲೆ ಸಾಕು. ಖರ್ಚು ಜಾಸ್ತಿ, ಲ್ಯಾಬ್ ಬೇಕು. ಒಂದು ಎಚ್ಚರಿಕೆ: ಕ್ಲೋರೋಪ್ಲಾಸ್ಟ್ (ಎಲೆ ಕೋಶದ ಹಸಿರು ಕಣ) ಡಿಎನ್ಎ ಸಾಮಾನ್ಯವಾಗಿ ತಾಯಿ ಗಿಡದಿಂದ ಮಾತ್ರ ಬರುತ್ತದೆ. ಅದನ್ನಷ್ಟೇ ಓದಿದರೆ ತಂದೆ ಗಿಡ ಕಾಣುವುದೇ ಇಲ್ಲ. ಮಿಶ್ರತಳಿ ಅನುಮಾನವಿದ್ದರೆ ತಂದೆ-ತಾಯಿ ಎರಡೂ ಗಿಡಗಳಿಂದ ಬರುವ ಕೋಶಕೇಂದ್ರದ ಡಿಎನ್ಎಯನ್ನೂ ಓದಿಸಿ.

ತೋಟ, ತರಗತಿ, ಹೊಲದ ಸುತ್ತಾಟಕ್ಕೆ ಹೂವಿನ ದಾರಿ ಒಳ್ಳೆಯದು. ತಳಿ ಅಭಿವೃದ್ಧಿಗೆ ಕ್ರೋಮೋಸೋಮ್ ಎಣಿಕೆ ಬೇಕೇ ಬೇಕು. ವಂಶಾವಳಿ ಬಿಡಿಸಬೇಕಿದ್ದರೆ ಅಥವಾ ಒಣಗಿದ ಎಲೆ ಮಾತ್ರ ಸಿಕ್ಕಿದ್ದರೆ ಡಿಎನ್ಎಗೆ ಹೋಗಿ.