5 ಇಂಚಿನ ಸ್ಯಾಂಡರ್ ಜೊತೆ ನಾಲ್ಕು ವರ್ಷ: ಕುಣಿಯುವ ಯಂತ್ರ ಕೈಗೆ ಬಂದ ಬಗೆ

ಶಿರಸಿಯ ನಮ್ಮ ಮನೆಯ ಹಳೆಯ ಕೊಟ್ಟಿಗೆಯಲ್ಲಿ ಬಿಡುವಿನ ವೇಳೆ ಮರಗೆಲಸ ಮಾಡುವ ನಾನು, ಹಲಸಿನ ಹಲಗೆಗಳನ್ನೂ ಸಾಗುವಾನಿಯ ಹಳೆಯ ಬಾಗಿಲುಗಳನ್ನೂ ನಯಗೊಳಿಸಲೆಂದು ನಾಲ್ಕು ವರ್ಷಗಳ ಹಿಂದೆ 5 ಇಂಚಿನ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಒಂದನ್ನು, ಅಂದರೆ ಅಡಿಯ ದುಂಡು ಪ್ಯಾಡ್‌ಗೆ ಉಪ್ಪುಕಾಗದ ಅಂಟಿಸಿ ಮರ ಉಜ್ಜುವ ವಿದ್ಯುತ್ ಯಂತ್ರವನ್ನು, ಕೊಂಡೆ. 300 ವ್ಯಾಟ್ ಶಕ್ತಿ, ನಿಮಿಷಕ್ಕೆ 4,000ದಿಂದ 12,000 ಸುತ್ತಿನವರೆಗೆ ಹೊಂದಿಸಬಹುದಾದ ವೇಗ, ಸುಮಾರು 1.3 ಕೆ.ಜಿ. ತೂಕ. ಈ ದರ್ಜೆಯ ಯಂತ್ರಗಳ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲ ಆರು ತಿಂಗಳು ಯಂತ್ರ ನನ್ನ ಮಾತು ಕೇಳಲಿಲ್ಲ. ಹಲಗೆಯ ಮೇಲೆ ಇಟ್ಟೊಡನೆ ಪಕ್ಕಕ್ಕೆ ಜಾರುತ್ತಿತ್ತು. ಜಾರಿದಷ್ಟೂ ನಾನು ಬಿಗಿಯಾಗಿ ಹಿಡಿದು ಒತ್ತುತ್ತಿದ್ದೆ. ನೋಡಲು ಬಂದ ಹಿರಿಯ ಆಚಾರಿಯೊಬ್ಬರು, "ಒತ್ತಬೇಡ ಮಾರಾಯ, ಅದಕ್ಕೆ ಅದರ ಭಾರವೇ ಸಾಕು" ಎಂದರು. ತೋಪಡ ಹಿಡಿದು ಬೆಳೆದ ಕೈಗೆ ಗೊತ್ತಿದ್ದ ಆ ಸಂಗತಿಯ ಕಾರಣ ನನಗೆ ತಿಳಿದದ್ದು ಯಂತ್ರದ ಒಳರಚನೆಯನ್ನು ನೋಡಿದ ಮೇಲೆ. ಇದರ ಪ್ಯಾಡ್‌ಗೆ ಎರಡು ಚಲನೆಗಳಿವೆ: ಮೋಟಾರು ಅದನ್ನು ಎರಡು ಮೂರು ಮಿಲಿಮೀಟರಿನ ಪುಟ್ಟ ವೃತ್ತದಲ್ಲಿ ಅದುರಿಸುತ್ತದೆ, ಜೊತೆಗೆ ಪ್ಯಾಡ್ ತನ್ನ ಬೇರಿಂಗಿನ ಮೇಲೆ ತಾನೇ ನಿಧಾನವಾಗಿ ತಿರುಗುತ್ತದೆ. ಎರಡೂ ಕೂಡಿದಾಗ ಮಾತ್ರ ಗೀರುಗಳು ಒಂದರ ಮೇಲೊಂದು ಬೀಳದೆ ಚದುರುತ್ತವೆ. ಜೋರಾಗಿ ಒತ್ತಿದರೆ ಎರಡನೆಯ ಚಲನೆ ನಿಂತು, ಮರದ ಮೇಲೆ ಚಕ್ಕುಲಿ ಸುತ್ತಿನಂತಹ ಸಣ್ಣ ಗೀರುಗಳು ಉಳಿಯುತ್ತವೆ. ಅವು ಕಣ್ಣಿಗೆ ಬೀಳುವುದು ಪಾಲಿಶ್ ಹಚ್ಚಿದ ಮೇಲೆ ಎಂಬುದೇ ದೊಡ್ಡ ಕಿರಿಕಿರಿ. ಈಗ ಪ್ಯಾಡ್‌ನ ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟಿದ್ದೇನೆ. ಕೆಲಸದ ನಡುವೆ ಆ ಗೆರೆ ತಿರುಗದೆ ನಿಂತಂತೆ ಕಂಡರೆ ಕೈ ಭಾರವಾಯಿತೆಂದು ಅರ್ಥ.

ಮೂರನೆಯ ವರ್ಷ ಬೇರೆಯೇ ತೊಂದರೆ ಎದುರಾಯಿತು. ಹಗುರವಾಗಿ ಹಿಡಿದರೂ ಯಂತ್ರ ಹಲಗೆಗೆ ತಾಗಿದ ಕ್ಷಣದಲ್ಲೇ ಕಚ್ಚಿ, ಬಿಲ್ಲಿನಾಕಾರದ ಆಳವಾದ ಗಾಯ ಮಾಡತೊಡಗಿತು. ಬೇರಿಂಗ್ ಹೋಗಿದೆಯೆಂದು ನಾನು ಹೆದರಿದ್ದೆ. ಸವೆದಿದ್ದದ್ದು ಪ್ಯಾಡ್‌ನ ಮೇಲ್ಭಾಗಕ್ಕೆ ಉಜ್ಜಿಕೊಂಡಿರುವ ರಬ್ಬರಿನ ಬ್ರೇಕ್ ಉಂಗುರ. ಯಂತ್ರವನ್ನು ಎತ್ತಿ ಹಿಡಿದಾಗ ಪ್ಯಾಡ್ ಮೋಟಾರಿನ ಪೂರ್ಣ ವೇಗವನ್ನು ಪಡೆಯದಂತೆ ತಡೆಯುವುದು ಈ ಉಂಗುರವೇ. ಇದರ ಪರೀಕ್ಷೆ ಸುಲಭ: ಯಂತ್ರವನ್ನು ಗಾಳಿಯಲ್ಲಿ ಓಡಿಸಿದಾಗ ಅದೇ ಮಾರ್ಕರ್ ಗೆರೆ ಕಣ್ಣಿನಿಂದ ಹಿಂಬಾಲಿಸುವಷ್ಟು ನಿಧಾನವಾಗಿದ್ದರೆ ಬ್ರೇಕ್ ಗಟ್ಟಿಯಾಗಿದೆ, ಗೆರೆಯೇ ಮಾಯವಾದರೆ ಬದಲಿಸುವ ಕಾಲ ಬಂದಿದೆ. ಬಿಡಿಭಾಗದ ಅಂಗಡಿಯಲ್ಲಿ "ಬ್ರೇಕ್" ಎಂದಾಗ ಎರಡು ಬಾರಿ ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷನ್ನೇ ಕೈಗಿತ್ತರು. ಕೊನೆಗೆ ಸವೆದ ಉಂಗುರವನ್ನೇ ತೋರಿಸಬೇಕಾಯಿತು. ಕೆಲವೇ ರೂಪಾಯಿಗಳ ಆ ವಸ್ತು ಬಳಕೆಯ ಕೈಪಿಡಿಯಲ್ಲಿ ಒಂದು ಸಾಲಿಗೂ ಅರ್ಹವಾಗದಿದ್ದುದು ನನಗೆ ಸರಿ ಕಾಣುವುದಿಲ್ಲ.

ವ್ಯಾಕ್ಯೂಮ್ ಜೋಡಿಸಿದ ಮೇಲೆ ದೂಳು ಬಹಳ ಕಡಿಮೆಯಾಯಿತು. ಆದರೆ ಎಳೆತ ಅತಿಯಾದರೆ ಪ್ಯಾಡ್ ಹಲಗೆಗೆ ಅಂಟಿಕೊಂಡು ಯಂತ್ರ ಮತ್ತೆ ಜಗ್ಗಾಡುತ್ತದೆ. ಆದ್ದರಿಂದ ಎಳೆತವನ್ನು ತಗ್ಗಿಸಿ, ಪೈಪನ್ನೂ ವಯರನ್ನೂ ಹೆಗಲ ಮೇಲಿಂದ ಹಾಯಿಸಿಕೊಳ್ಳುತ್ತೇನೆ. ಉಪ್ಪುಕಾಗದದ 8 ತೂತುಗಳು ಪ್ಯಾಡ್‌ನ ತೂತುಗಳಿಗೆ ಸರಿಯಾಗಿ ಕೂರದಿದ್ದರೆ ಇದಾವುದರಿಂದಲೂ ಪ್ರಯೋಜನವಿಲ್ಲ. ಎಣ್ಣೆಯಂಶವಿರುವ ಸಾಗುವಾನಿಯ ದೂಳು ಮೆತ್ತಿಕೊಂಡು ಕಾಗದ ಬೇಗ ಮುಚ್ಚಿಹೋಗುತ್ತದೆ, ಹಳೆಯ ಪಾಲಿಶ್ ಬಿಸಿಗೆ ಕರಗಿದರೆ ಇನ್ನೂ ಬೇಗ; ಅಲ್ಲಿ ವೇಗವನ್ನು ಅರ್ಧಕ್ಕೆ ಇಳಿಸುವುದೇ ಲಾಭ. ಬೀಟೆಯ ದೂಳು ನನಗೆ ಒಗ್ಗದು. ಮರ ಯಾವುದೇ ಇರಲಿ, ಮಾಸ್ಕ್ ಇಲ್ಲದೆ ಗುಂಡಿ ಒತ್ತುವುದಿಲ್ಲ.

ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಸೆಕೆಂಡಿಗೆ ಒಂದು ಇಂಚಿನಷ್ಟು ಸಾವಕಾಶವಾಗಿ ಸಾಗಿಸಿ, ಗೆರೆಗಳೆಲ್ಲ ಅಳಿದ ಮೇಲೆಯೇ 80ರ ಒರಟು ಉಪ್ಪುಕಾಗದದಿಂದ ಅದಕ್ಕಿಂತ ನಯವಾದ 120ಕ್ಕೆ, ಅಲ್ಲಿಂದ 180ಕ್ಕೆ ಹೋಗುತ್ತೇನೆ. ಅಂಚಿನ ಬಳಿ ಪ್ಯಾಡ್‌ನ ಮೂರನೆಯ ಎರಡು ಭಾಗ ಮರದ ಮೇಲೆಯೇ ಇರಬೇಕು, ಇಲ್ಲವಾದರೆ ಮೂಲೆ ಗುಂಡಗಾಗುತ್ತದೆ. ವಿನಿಯರ್ ಎಂಬ ತೆಳು ಮರದ ಪದರ ಅಂಟಿಸಿದ ಪ್ಲೈವುಡ್ ಮೇಲೆ 80ರ ಕಾಗದವನ್ನು ನಾನು ಮುಟ್ಟುವುದೇ ಇಲ್ಲ. ಒಮ್ಮೆ ಕಪಾಟಿನ ಬಾಗಿಲೊಂದರಲ್ಲಿ ಒಳಪದರ ಬಯಲಾಗಿ, ಅದನ್ನು ಇಡೀ ಬದಲಿಸಬೇಕಾಯಿತು.

ಈವರೆಗೆ ಪ್ಯಾಡ್ ಎರಡು ಬಾರಿ, ಕಾರ್ಬನ್ ಬ್ರಷ್ ಒಂದು ಬಾರಿ ಬದಲಾಗಿವೆ. ಮೊದಲ ಪ್ಯಾಡ್ ಸತ್ತದ್ದು ನನ್ನ ಒತ್ತಡದಿಂದಲೇ: ಬಿಸಿಗೆ ಅದರ ವೆಲ್ಕ್ರೋ ಕೊಕ್ಕೆಗಳು ಕರಗಿ, ಕಾಗದ ಹಾರಿಹೋಗುತ್ತಿತ್ತು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಿದರೆ ಬೆರಳುಗಳು ಇಂದಿಗೂ ಜೋಮು ಹಿಡಿಯುತ್ತವೆ; ಅದಕ್ಕೆ ನಡುನಡುವೆ ನಿಲ್ಲಿಸುವುದಲ್ಲದೆ ಬೇರೆ ಉಪಾಯ ನನಗೆ ದೊರೆತಿಲ್ಲ. ಕುರ್ಚಿಯ ಕಾಲುಗಳನ್ನೂ ಚೌಕಟ್ಟಿನ ಕಿರಿದಾದ ಅಂಚುಗಳನ್ನೂ ಈಗಲೂ ಮರದ ತುಂಡಿಗೆ ಸುತ್ತಿದ ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜುತ್ತೇನೆ.