ಅಪ್ಪನ ಮನೆ ಮಾರಾಟಕ್ಕೆ ಏಜೆಂಟ್ ಹಿಡಿದೆವು, ಕೊಟ್ಟ ಕಮಿಷನ್ ದಂಡ ಅನಿಸಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಕುವೆಂಪುನಗರದಲ್ಲಿದ್ದ ಅಪ್ಪನ ಮನೆ ಮಾರಲು ಏಜೆಂಟರಿಗೆ ನಾವು ಕೊಟ್ಟ ದುಡ್ಡು ಪೂರ್ತಿ ನ್ಯಾಯವಾದದ್ದು. ಅವರ ಹೆಸರು ಹಾಕುತ್ತಿಲ್ಲ. ಅವರು ಒಬ್ಬರೇ ಕೆಲಸ ಮಾಡುವವರು, ಕೈತುಂಬಾ ಕೆಲಸ ಇದೆ. ಆದರೆ ಏನೇನು ಮಾಡಿಕೊಟ್ಟರು ಅನ್ನೋದನ್ನು ಬಿಡಿಸಿ ಬರೆಯುತ್ತೇನೆ, ನಿಮ್ಮ ಊರಲ್ಲಿ ಇಂಥವರನ್ನು ಹುಡುಕಲು ಉಪಯೋಗ ಆಗಬಹುದು.

ಏಜೆಂಟ್ ಅಂದರೆ ಗಿರಾಕಿ ಕರೆದುಕೊಂಡು ಬಂದು ಕಮಿಷನ್ ತೆಗೆದುಕೊಂಡು ಹೋಗುವವರು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಗಿರಾಕಿಗಳು ಈಗ ಆ್ಯಪ್‌ನಲ್ಲೂ ಸಿಗುತ್ತಾರೆ, ವಾಟ್ಸಾಪ್ ಗ್ರೂಪ್‌ನಲ್ಲೂ ಸಿಗುತ್ತಾರೆ, ಗೇಟಿಗೆ ಬೋರ್ಡ್ ನೇತುಹಾಕಿದರೂ ಬರುತ್ತಾರೆ. ನಮಗೆ ಇವರಿಂದ ಆದ ದೊಡ್ಡ ಉಪಕಾರ, ಒಬ್ಬ ಗಿರಾಕಿಯೂ ಮನೆ ನೋಡಲು ಬರುವ ಮುಂಚೆ ಆದದ್ದು. ಕಾಗದಪತ್ರ ಪೂರ್ತಿ ಸರಿಯಾಗುವವರೆಗೂ ಮನೆ ಮಾರಾಟಕ್ಕಿದೆ ಅಂತ ಯಾರಿಗೂ ಹೇಳುವುದಿಲ್ಲ ಅಂತ ಹಟ ಹಿಡಿದರು. ನನಗೆ ಆಗ ಸ್ವಲ್ಪ ಸಿಟ್ಟೂ ಬಂದಿತ್ತು, ಇವರು ಸುಮ್ನೆ ಎಳೆಯುತ್ತಿದ್ದಾರಾ ಅಂತ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಆಸ್ತಿಯ ಮೇಲೆ ಸಾಲ, ಮಾರಾಟ ಏನೇನು ದಾಖಲಾಗಿದೆ ಅಂತ ತೋರಿಸುವ ಋಣಭಾರ ಪತ್ರ, ಮನೆಯಲ್ಲೇ ಕೂತು ತೆಗೆಯಬಹುದು. ನಾವೂ ತೆಗೆದಿದ್ದೆವು. ನಮೂನೆ 16 ಬಂತು. ಆಸ್ತಿಯ ಮೇಲೆ ಯಾವ ವ್ಯವಹಾರವೂ ದಾಖಲಾಗಿಲ್ಲ ಅಂದರೆ ಕೊಡುವುದು ಅದನ್ನೇ. ಸರಿ, ಎಲ್ಲ ಚೊಕ್ಕವಾಗಿದೆ ಅಂದುಕೊಂಡೆವು. ಏಜೆಂಟ್ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "2004ಕ್ಕಿಂತ ಹಿಂದಿನದು ಎಲ್ಲಿ?" ಕಂಪ್ಯೂಟರ್ ದಾಖಲೆ ಶುರುವಾಗುವುದೇ 2004ರ ಏಪ್ರಿಲ್‌ನಿಂದ. ಅದರ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೆಯ ಪುಸ್ತಕ ಹುಡುಕಿಸಬೇಕು. ಹುಡುಕಿಸಿದಾಗ ಸಿಕ್ಕಿತು ನೋಡಿ, 1990ರ ದಶಕದಲ್ಲಿ ಮನೆ ಕಟ್ಟಲು ಅಪ್ಪ ತೆಗೆದಿದ್ದ ಸಾಲದ ಅಡಮಾನ ಪತ್ರ. ಸಾಲ ತೀರಿ ಎಷ್ಟೋ ವರ್ಷ ಆಗಿದೆ, ಕೊನೆಯ ಕಂತಿನ ರಸೀದಿ ಅಮ್ಮನ ಬೀರುವಿನಲ್ಲೇ ಇತ್ತು. ಆದರೆ ಸಾಲ ತೀರಿದ ಬಗ್ಗೆ ಪತ್ರ ನೋಂದಣಿ ಆಗಿರಲಿಲ್ಲ. ದಾಖಲೆಯ ಲೆಕ್ಕದಲ್ಲಿ ಮನೆ ಇನ್ನೂ ಅಡಮಾನದಲ್ಲೇ ಇತ್ತು! ಕೊಳ್ಳುವವರ ಬ್ಯಾಂಕಿನ ವಕೀಲರು ಇದನ್ನು ಮೊದಲು ನೋಡಿದ್ದರೆ ಸಾಲ ಅಲ್ಲೇ ನಿಲ್ಲುತ್ತಿತ್ತು, ನಮ್ಮ ಮೇಲೆ ಅನುಮಾನ ಬೇರೆ.

ಖಾತೆಯಲ್ಲಿ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ದಾಖಲೆಯಲ್ಲಿ, ಇನ್ನೊಂದು ಗೋಜಲು. ಅಪ್ಪನಿಗೆ ಸೈಟು ಮಂಜೂರು ಮಾಡಿದ್ದು ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ. ಅದರ ಕ್ರಯಪತ್ರದಲ್ಲಿ ಅಪ್ಪನ ಇನಿಶಿಯಲ್ ಒಂದು, ಪಾಲಿಕೆಯ ಖಾತೆಯಲ್ಲಿ ಇನ್ನೊಂದು. ಮೊದಲೆಲ್ಲ ಇಂಥದ್ದು ಹೇಗೋ ನಡೆದುಹೋಗುತ್ತಿತ್ತು. 2024ರ ಅಕ್ಟೋಬರ್ ಆದಮೇಲೆ ಇ-ಖಾತಾ (ಕಂಪ್ಯೂಟರಿನಲ್ಲಿರುವ ಖಾತೆ) ಇಲ್ಲದೆ ನೋಂದಣಿ ಆಗೋದಿಲ್ಲ, ಹೆಸರು ಹೊಂದಾಣಿಕೆ ಆಗದೆ ಇ-ಖಾತಾ ಆಗೋದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್, ಕಂದಾಯ ರಸೀದಿ ಎಲ್ಲವನ್ನೂ ಯಾವ ಕಚೇರಿಯಲ್ಲಿ ಯಾವ ಕ್ರಮದಲ್ಲಿ ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ, ಯಾರಾದರೂ ಕೇಳಿದರೆ ಅದನ್ನೇ ಜೆರಾಕ್ಸ್ ಮಾಡಿ ಕೊಡುತ್ತೇನೆ.

ಈಗ ಅಕ್ಕನ ವಿಷಯ. ಅಪ್ಪ ವಿಲ್ ಬರೆದಿರಲಿಲ್ಲ. ಅದು ಅಪ್ಪನ ಸ್ವಯಾರ್ಜಿತ ಆಸ್ತಿ, ಅಜ್ಜಿಯೂ ಇಲ್ಲ, ಹಾಗಾಗಿ ಅಮ್ಮ, ಅಕ್ಕ, ನಾನು ಮೂರು ಜನಕ್ಕೂ ಸಮಪಾಲು. ಅಕ್ಕ ಅಮೆರಿಕದಲ್ಲಿದ್ದಾಳೆ, ತನ್ನ ಪರವಾಗಿ ಸಹಿ ಹಾಕಲು ನನಗೆ ಜಿಪಿಎ (ಅಧಿಕಾರ ಪತ್ರ) ಕಳಿಸಬೇಕಿತ್ತು. ಸುಮ್ನೆ ಸಹಿ ಹಾಕಿ ಕೊರಿಯರ್ ಮಾಡಿದರೆ ಸಾಕು ಅಂತ ನೆಂಟರು ಹೇಳಿದ್ದರು. ಅಲ್ಲಿಯ ನೋಟರಿ ಮುಂದೆ ಸಹಿ ಮಾಡಿ ಅಪೊಸ್ಟೀಲ್ (ಬೇರೆ ದೇಶದಲ್ಲೂ ನಡೆಯುವ ಸರ್ಕಾರಿ ದೃಢೀಕರಣ) ಮಾಡಿಸಬೇಕು, ಇಲ್ಲವೇ ಭಾರತದ ಕಾನ್ಸುಲೇಟ್‌ನಲ್ಲಿ ದೃಢೀಕರಿಸಬೇಕು, ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು ಅಂತ ತಿಳಿಸಿದ್ದು ಏಜೆಂಟರೇ.

ಅದಕ್ಕಿಂತ ದೊಡ್ಡದು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ. ಆಸ್ತಿ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಶೇ 1ರಷ್ಟು ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಆ 1 ಶೇಕಡಾ ಇಲ್ಲೇ ವಾಸ ಇರುವ ಮಾರಾಟಗಾರರಿಗೆ ಮಾತ್ರ. ಅಕ್ಕನಂಥ ಎನ್‌ಆರ್‌ಐಗಳ ಪಾಲಿಗೆ ದರವೇ ಬೇರೆ, ದೀರ್ಘಾವಧಿ ಲಾಭಕ್ಕೆ ಶೇ 12.5, ಅದರ ಮೇಲೆ ಸೆಸ್, ಮೊತ್ತ ದೊಡ್ಡದಾದರೆ ಸರ್ಚಾರ್ಜ್. ಕಡಿಮೆ ಹಿಡಿಯಬಹುದು ಅಂತ ಇಲಾಖೆಯಿಂದ ಪ್ರಮಾಣಪತ್ರ ತರದಿದ್ದರೆ ಕೊಳ್ಳುವವರು ಸಾಮಾನ್ಯವಾಗಿ ಲಾಭ ನೋಡದೆ ಪೂರ್ತಿ ಪಾಲಿನ ಮೇಲೇ ಹಿಡಿದುಬಿಡುತ್ತಾರೆ, ವಾಪಸ್ ಬರಬೇಕಾದರೆ ರಿಟರ್ನ್ ಹಾಕಿ ಕಾಯಬೇಕು. ಇದು ನನ್ನ ಕೆಲಸ ಅಲ್ಲ, ಸಿಎ ನೋಡಬೇಕಾದದ್ದು ಅಂತ ಸ್ಪಷ್ಟವಾಗಿ ಹೇಳಿ ಸಿಎ ಹತ್ತಿರ ಕಳಿಸಿದರು. ಕಾನೂನು ಅಭಿಪ್ರಾಯಕ್ಕೂ ಬೇರೆ ವಕೀಲರ ಹತ್ತಿರವೇ ಕಳಿಸಿದ್ದು. ತನಗೆ ಗೊತ್ತಿಲ್ಲದ ಕಡೆ ಕೈ ಹಾಕದೆ ಗೊತ್ತಿರುವವರ ಹತ್ತಿರ ಕಳಿಸುತ್ತಾರಲ್ಲ, ನನಗೆ ಅವರ ಮೇಲೆ ನಂಬಿಕೆ ಕೂತದ್ದು ಅಲ್ಲೇ.

ಬೆಲೆ ವಿಷಯಕ್ಕೆ ಬಂದರೆ, ಬೀದಿಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹಿಂದಿನ ರಸ್ತೆಯವರು ಇಷ್ಟಕ್ಕೆ ಮಾರಿದರಂತೆ, ಅಷ್ಟಕ್ಕೆ ಕೇಳಿದರಂತೆ. ಎಲ್ಲ ಅಂತೆಕಂತೆ. ಇವರು ತಾವೇ ಮುಗಿಸಿದ ವ್ಯವಹಾರಗಳ ಬೆಲೆ ಹೇಳಿದರು, ಸರ್ಕಾರದ ಮಾರ್ಗಸೂಚಿ ದರ ತೋರಿಸಿದರು, ಹಳೇ ಕಟ್ಟಡಕ್ಕೆ ಜಾಸ್ತಿ ಬೆಲೆ ಬರೋದಿಲ್ಲ, ಬರೋದು ನೆಲಕ್ಕೆ ಅಂತ ಅಮ್ಮನಿಗೆ ಮೆತ್ತಗೆ ತಿಳಿಸಿದರು. ಅಮ್ಮನಿಗೆ ಬೇಜಾರಾಯಿತು, ನಿಜ. ಆದರೆ ಮಗ ಹೇಳಿದ್ದರೆ ಅದು ಜಗಳ ಆಗುತ್ತಿತ್ತು.

ಚೌಕಾಸಿಯಲ್ಲೂ ಹಾಗೇ. ಕೊಳ್ಳಲು ಬಂದವರ ಕಡೆಯ ಹಿರಿಯರೊಬ್ಬರು ಅರ್ಧ ವೈಟ್, ಅರ್ಧ ಕ್ಯಾಶ್ ಅಂದರು. ನಾನಾಗಿದ್ದರೆ ಮುಖ ಮುರಿದುಕೊಳ್ಳಬೇಕಿತ್ತು. ಏಜೆಂಟ್ ನಗುತ್ತಲೇ, ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ, ಇವರಿಗೆ ಆ ಕಷ್ಟ ಯಾಕೆ ಅಂದರು. ಮಾತು ಅಲ್ಲಿಗೇ ಮುಗಿಯಿತು. ಕೊನೆಗೆ ಮನೆ ಕೊಂಡವರು ಬೇರೆ ದಂಪತಿ. ಅವರಿಗೂ ಇವರಿಂದ ಸಹಾಯ ಆಯಿತು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ್ದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ 5.6, ನೋಂದಣಿ 2, ಒಟ್ಟು ಹತ್ತಿರ ಹತ್ತಿರ 7.6 ಶೇಕಡಾ. ಕೋಟಿ ರೂಪಾಯಿ ಮನೆಗೆ ಒಂದು ಲಕ್ಷ ಜಾಸ್ತಿ ಆಯಿತಲ್ವಾ? ಕರಾರು ಮಾಡುವ ಮುಂಚೆಯೇ ಗೊತ್ತಾದ್ದರಿಂದ ನೋಂದಣಿ ದಿನ ತಡಬಡಾಯಿಸಲಿಲ್ಲ.

ಸರಿ ಕಾಣದ ವಿಷಯಗಳೂ ಇವೆ. ಫೋಟೋ ತೀರಾ ಸಾಧಾರಣ, ಮಬ್ಬು ಬೆಳಕಲ್ಲಿ ಫೋನಿನಲ್ಲಿ ತೆಗೆದದ್ದು, ಅಂಗಳದ ಮಾವಿನ ಮರ ಒಂದರಲ್ಲೂ ಕಾಣಿಸಲಿಲ್ಲ. ಒಂದೆರಡು ಸಲ ಮುಂಚೆ ಹೇಳದೆ ಜನರನ್ನು ಕರೆತಂದರು, ಅಮ್ಮ ಒಬ್ಬರೇ ಇದ್ದ ಹೊತ್ತಲ್ಲಿ. ಇದು ಖಂಡಿತ ತಪ್ಪು. ಹೇಳಿದ ಮೇಲೆ ತಿದ್ದಿಕೊಂಡರು. ಕಮಿಷನ್ ಎರಡೂ ಕಡೆಯಿಂದ ತೆಗೆದುಕೊಂಡರು, ನಮ್ಮಿಂದ 1 ಶೇಕಡಾ. ಮೊದಲೇ ಹೇಳಿದ್ದರು, ಹಾಗಾಗಿ ನನಗೆ ತಕರಾರಿಲ್ಲ. ಆದರೆ ಎರಡು ಕಡೆಯಿಂದ ದುಡ್ಡು ಪಡೆಯುವವರು ಬೆಲೆ ವಿಷಯದಲ್ಲಿ ಪೂರ್ತಿ ನಮ್ಮ ಪರ ಇರುತ್ತಾರೆ ಅಂತ ನಂಬಬೇಡಿ. ಕನಿಷ್ಠ ಎಷ್ಟಕ್ಕೆ ಬಿಡುತ್ತೀರಿ ಅನ್ನೋದನ್ನು ಅವರಿಗೂ ಹೇಳಬೇಡಿ.

ಹೊಸ ಬಡಾವಣೆಯಲ್ಲಿ ಸೈಟೋ ಫ್ಲ್ಯಾಟೋ ಕೊಳ್ಳುವವರಿಗೆ ಒಂದು ಮಾತು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನೋಂದಾಯಿತ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಆಗಿರಲೇಬೇಕು, ಇಲ್ಲದಿದ್ದರೆ ದಿನಕ್ಕೆ 10 ಸಾವಿರ ದಂಡ ಇದೆ. ಕರ್ನಾಟಕ ರೇರಾ ಜಾಲತಾಣದಲ್ಲಿ ಅವರ ಹೆಸರು ಹುಡುಕಬಹುದು. ನಮ್ಮಂತೆ ಹಳೇ ಮನೆಯನ್ನು ಒಬ್ಬರು ಇನ್ನೊಬ್ಬರಿಗೆ ಮಾರುವಾಗ ಈ ನಿಯಮ ಬರೋದಿಲ್ಲ, ಅಲ್ಲಿ ನೀವೇ ವಿಚಾರಿಸಬೇಕು. ಇತ್ತೀಚೆಗೆ ಅವರ ಮೂಲಕ ಮಾರಿದವರ ಜೊತೆ ಫೋನಿನಲ್ಲಿ ಮಾತಾಡಿ. ಹಳೇ ಇಸಿ ಬಗ್ಗೆ ತಾವಾಗಿಯೇ ಕೇಳುತ್ತಾರಾ ಗಮನಿಸಿ. ಮೂಲಪತ್ರವನ್ನು ಕೈಗೆ ಕೊಡಿ ಅನ್ನುವವರಿಗೆ ಜೆರಾಕ್ಸ್ ಸಾಕು ಅನ್ನಿ.

ಕಮಿಷನ್ ಎಷ್ಟು, ಯಾವಾಗ, ಜಿಎಸ್‌ಟಿ ಸೇರಿಯೋ ಬೇರೆಯೋ ಅನ್ನೋದು ಬರಹದಲ್ಲಿರಲಿ. ನಾವು ಅರ್ಧ ನೋಂದಣಿ ದಿನ ಕೊಟ್ಟೆವು. ಉಳಿದರ್ಧ ಕೊಟ್ಟದ್ದು ಕೊಂಡವರ ಹೆಸರಿಗೆ ಖಾತೆ ಬದಲಾಗಿ, ಸೆಸ್ಕ್ ಕರೆಂಟ್ ಮೀಟರೂ ವಾಣಿ ವಿಲಾಸ ನೀರಿನ ಸಂಪರ್ಕವೂ ಅಪ್ಪನ ಹೆಸರಿನಿಂದ ಹೋದ ಮೇಲೆ. ಅಷ್ಟರವರೆಗೂ ಅವರು ಓಡಾಡಿದರು.