ಡ್ರಾಯಿಂಗ್ ಟ್ಯೂಬ್ ಇರುವ ಹಳೆ ಮೈಕ್ರೋಸ್ಕೋಪ್: ಈಗಲೂ ಕೊಳ್ಳಬಹುದಾ?

ಡ್ರಾಯಿಂಗ್ ಟ್ಯೂಬ್ (ಲೆನ್ಸ್‌ನಲ್ಲಿ ಕಾಣುವುದನ್ನು ನೋಡುತ್ತಲೇ ಕಾಗದಕ್ಕಿಳಿಸಲು ನೆರವಾಗುವ ಕೊಳವೆ) ಇರುವ ಹಳೆ ಮೈಕ್ರೋಸ್ಕೋಪ್ ಒಂದನ್ನು ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ 38,000 ರೂಪಾಯಿಗೆ ತಂದೆ. "ಸರ್, ಇದನ್ನ ಈಗ ಯಾರೂ ಕೇಳಲ್ಲ. ಅದೇ ದುಡ್ಡಿಗೆ ಕ್ಯಾಮೆರಾ ಇರೋದು ಕೊಡ್ತೀನಿ" ಅಂದರು ಅಂಗಡಿಯವರು. ಬೇಡ ಅಂದೆ.

ನಾನು ಚಿಕ್ಕಮಗಳೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕೊಚ್ಚಿಯಲ್ಲಿರುವ ನನ್ನ ಹಳೆ ವಿದ್ಯಾರ್ಥಿನಿಗೆ ಆಳಸಮುದ್ರದ ಒಂದು ಹೈಡ್ರಾಯ್ಡ್, ಅಂದರೆ ಗಿಡದ ಹಾಗೆ ಕಾಣುವ ಪುಟ್ಟ ಪ್ರಾಣಿ, ಸಿಕ್ಕಿದೆ. ಹೊಸ ಪ್ರಭೇದ ಅಂತ ಅವಳ ಲೆಕ್ಕ. ಡಿಎನ್‌ಎ ಕೆಲಸ ಅವಳದು, ಚಿತ್ರ ನನ್ನದು. ಹೆಸರು ಮಾತ್ರ ಕೇಳಬೇಡಿ, ಪ್ರಬಂಧ ಅಚ್ಚಾಗುವವರೆಗೆ ಬಾಯಿಬಿಡುವುದಿಲ್ಲ.

ಹೈಡ್ರಾಯ್ಡ್ ಅಂದರೆ ಪಿಯುಸಿ ಪುಸ್ತಕದ ಒಬೀಲಿಯಾ ನೆನಪಿಸಿಕೊಳ್ಳಿ. ಒಂದೇ ಕಾಂಡದ ಮೇಲೆ ಸಾಲು ಸಾಲು ಪಾಲಿಪ್‌ಗಳು, ಅಂದರೆ ಕೊಳವೆಯಂಥ ಪುಟ್ಟ ಜೀವಿಗಳು. ಒಂದು ತಿಂದರೆ ಉಳಿದವಕ್ಕೂ ಪಾಲು. ನಮ್ಮದರಲ್ಲಿ ಪ್ರತಿ ಪಾಲಿಪ್‌ಗೂ ಕೈಟಿನ್‌ನ ತೆಳು ಬಟ್ಟಲು ಇದೆ, ಅದೇ ಹೈಡ್ರೊಥೀಕಾ. ಅದರ ಆಕಾರ, ಅಂಚಿನ ಹಲ್ಲುಗಳು, ಮುಚ್ಚಳ, ಇವನ್ನೆಲ್ಲ ನೋಡಿಯೇ ಪ್ರಭೇದ ತೀರ್ಮಾನವಾಗುವುದು. ಸಂತಾನದ ಚೀಲ, ಅಂದರೆ ಗೊನೊಥೀಕಾ, ಇಲ್ಲದ ತುಂಡು ಇಟ್ಟುಕೊಂಡು ಹೊಸದು ಅನ್ನಲು ನನಗಂತೂ ಧೈರ್ಯ ಬರುವುದಿಲ್ಲ. ಪುಣ್ಯಕ್ಕೆ ನಮ್ಮದರಲ್ಲಿ ಇದೆ.

ಫೋಟೋದಲ್ಲಿ ಬಟ್ಟಲಿನ ಮುಂದಿನ ಅಂಚು ಸ್ಪಷ್ಟವಾದರೆ ಹಿಂದಿನದು ಮಸುಕು. ಹಲವು ಫೋಟೋ ಸೇರಿಸುವ ಸಾಫ್ಟ್‌ವೇರ್ ಇದೆ ನಿಜ. ಆದರೆ ಬಟ್ಟಲು ಪಾರದರ್ಶಕ ಅಲ್ವಾ, ಮುಂದಿನ ಗೆರೆ ಹಿಂದಿನ ಗೆರೆ ಎರಡೂ ಕಲಸಿಹೋಗುತ್ತವೆ. ಡ್ರಾಯಿಂಗ್ ಟ್ಯೂಬ್‌ನಲ್ಲಿ ಆ ಗೋಳಿಲ್ಲ. ಐಪೀಸ್‌ನಲ್ಲಿ ಕಣ್ಣಿಟ್ಟರೆ ಹೈಡ್ರಾಯ್ಡ್ ಜೊತೆಗೆ ಪಕ್ಕದ ಕಾಗದವೂ ಪೆನ್ಸಿಲ್ ತುದಿಯೂ ಕಾಣುತ್ತವೆ. ಫೋಕಸ್ ತಿರುಗಿಸುತ್ತಾ ಯಾವ ಗೆರೆ ಮುಂದಿನದು, ಯಾವುದು ಹಿಂದಿನದು ಅಂತ ನಾನೇ ಆರಿಸಿ ಬಿಡಿಸುತ್ತೇನೆ. ಅಳತೆಗೆ, 1 ಮಿಲಿಮೀಟರನ್ನು 100 ಭಾಗ ಮಾಡಿದ ಗಾಜಿನ ಅಳತೆಪಟ್ಟಿ, ಅಂದರೆ ಸ್ಟೇಜ್ ಮೈಕ್ರೋಮೀಟರನ್ನೂ ಅದೇ ಲೆನ್ಸ್‌ನಲ್ಲಿಟ್ಟು ಅದೇ ಹಾಳೆಗೆ ಇಳಿಸಬೇಕು.

ಕಷ್ಟವೆಲ್ಲ ಬೆಳಕಿನದು. ಕಾಗದದ ಮೇಲೆ ಬೆಳಕು ಜಾಸ್ತಿಯಾದರೆ ಹೈಡ್ರಾಯ್ಡ್ ಮಾಯ, ಕಡಿಮೆಯಾದರೆ ಪೆನ್ಸಿಲ್ ಮಾಯ. ಅದನ್ನು ಹೊಂದಿಸುವ ಫಿಲ್ಟರ್ ಇದರಲ್ಲಿಲ್ಲ. ನಮ್ಮೂರಿನ ಐ.ಜಿ. ರಸ್ತೆಯಲ್ಲಿ ಟೇಬಲ್ ಲ್ಯಾಂಪಿಗೆ ಡಿಮ್ಮರ್ ಹಾಕಿಸಿದ ಮೇಲೆ ಸರಿಹೋಯಿತು. ಬಿಂಬದ ಅಂಚಿನಲ್ಲಿ ಗೆರೆ ಸ್ವಲ್ಪ ಎಳೆದುಕೊಳ್ಳುತ್ತದೆ, ಹಾಗಾಗಿ ನಡುವಿನ ಭಾಗದಲ್ಲೇ ಬಿಡಿಸಿ. ಕುಟುಕುವ ಕೋಶಗಳನ್ನು ನೋಡುವ 100 ಪಟ್ಟಿನ ಆಯಿಲ್ ಲೆನ್ಸ್ ಹಾಕಿದರೆ ಟ್ಯೂಬ್ ಪೂರ್ತಿ ಕೈಕೊಡುತ್ತದೆ. ಬಿಂಬ ಅಷ್ಟು ಮಂಕು. ಆ ಒಂದು ಕೆಲಸಕ್ಕೆ ಕ್ಯಾಮೆರಾನೇ ವಾಸಿ.

ಅಂಗಡಿಯವರ ಮೇಲೆ ದೂರು ಒಂದೇ. ಲೆನ್ಸ್ ಕ್ಲೀನ್ ಇದೆ ಅಂದಿದ್ದರು, 10 ಪಟ್ಟಿನ ಲೆನ್ಸ್‌ನಲ್ಲಿ ಫಂಗಸ್ ಇತ್ತು. ಫೋನ್ ಮಾಡಿದರೆ "ನಿಮ್ಮೂರಿನ ಮಳೆ ಸರ್" ಅಂತ ಜಾರಿಕೊಂಡರು. ನಾನು ಬಿಚ್ಚಿದ್ದು ಮಾರ್ಚ್‌ನಲ್ಲಿ! ಹಾಸನದ ರಿಪೇರಿಯವರೊಬ್ಬರು 1,500 ತಗೊಂಡು ಚೆನ್ನಾಗಿ ತೆಗೆದುಕೊಟ್ಟರು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿಡಿ ಅಂತ ಅವರೇ ಹೇಳಿದ್ದು.

ಸುಮ್ನೆ ಮಕ್ಕಳಿಗೆ ಸ್ಲೈಡ್ ತೋರಿಸಲು ಇದು ಬೇಡ. ಚಿತ್ರ ಬಿಡಿಸುವವರು ಧಾರಾಳವಾಗಿ ಕೊಳ್ಳಿ. ದುಡ್ಡು ಕೊಡುವ ಮೊದಲು ಪ್ರತಿ ಲೆನ್ಸ್ ಬಿಚ್ಚಿಸಿ ನೋಡಿ, ಬಲ್ಬು ಎರಡು ಜಾಸ್ತಿ ಕೇಳಿ ತನ್ನಿ.